ಹುಳದ ಮನೆಯ ಪಡುವಣ ಗೋಡೆ

ರೇಷ್ಮೆ ಹುಳಕ್ಕೆ ಕೈಗುಣ ಬೇಕು ಅಂತ ನಮ್ಮೂರಲ್ಲಿ ಒಂದು ಮಾತಿದೆ. ಆ ಮಾತನ್ನು ಹಿಡಿದುಕೊಂಡು ನಾನೊಂದು ತಪ್ಪು ಮಾಡಿದೆ. ನಮ್ಮ ರೇಷ್ಮೆ ಸಂಘದ ಅಕ್ಕಂದಿರ ಮುಂದೆ ಅದನ್ನು ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿಟ್ಟುಕೊಂಡರೆ ನನಗೇ ಭಾರ.

ನಾನು ಭಾಗ್ಯಮ್ಮ. ವಿಜಯಪುರದ ಹತ್ತಿರ ನಮ್ಮೂರು. ನಮ್ಮ ಬೇಲಿಯಾಚೆ ಅಕ್ಕಯಮ್ಮನ ಮನೆ. ಅವರದೂ ನಮ್ಮದೂ ಅಜ್ಜಂದಿರ ಕಾಲದಿಂದ ರೇಷ್ಮೆ ಕೆಲಸ. ಮೂರು ವರ್ಷದ ಹಿಂದೆ ಅಕ್ಕಯಮ್ಮನ ಮಗ ಕೆಂಪರಾಜು ಹುಳ ಸಾಕುವುದಕ್ಕೆಂದೇ ಬೇರೆ ಮನೆ ಕಟ್ಟಿಸಿದ. ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಶೀಟು, ಶೀಟಿನ ಮೇಲೆ ದಪ್ಪಗೆ ತೆಂಗಿನ ಗರಿ. ಅದೇ ವರ್ಷ ಸಿಂಚನ ಆ ಮನೆಗೆ ಸೊಸೆಯಾಗಿ ಬಂದಳು. ಹೊಸಕೋಟೆ ಕಡೆಯ ಹುಡುಗಿ. ತವರಲ್ಲಿ ಹುಳದ ಕೆಲಸ ಕಂಡವಳಲ್ಲ. ಆದರೂ ಒಂದೇ ತಿಂಗಳಲ್ಲಿ ಎಲ್ಲ ಕಲಿತಳು.

ಅಕ್ಕಯಮ್ಮನಿಗೆ ಮಂಡಿನೋವು. ಹಾಗಾಗಿ ಅತ್ತೆ ಸೊಸೆ ಕೆಲಸ ಹಂಚಿಕೊಂಡರು. ಮೂಡಲ ಬಾಗಿಲಿನ ಹತ್ತಿರದ ಸಾಲುಗಳಿಗೆ ಅತ್ತೆ ಹಿಪ್ಪುನೇರಳೆ ಸೊಪ್ಪು ಹಾಕುವುದು, ಒಳಗೆ ಪಡುವಣ ಗೋಡೆಯ ಪಕ್ಕದ ಸಾಲುಗಳಿಗೆ ಸೊಸೆ.

ಮೊದಲ ಬೇಸಿಗೆಯಲ್ಲೇ ಹುಳ ಕೈಕೊಟ್ಟವು. ನಾಲ್ಕನೇ ಸಲ ಪೊರೆ ಕಳಚಿ ಎದ್ದ ದೊಡ್ಡ ಹುಳ, ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು, ಅಂಥವು ಸೊಪ್ಪು ಬಿಟ್ಟು ಮೆತ್ತಗಾಗಿ ಸತ್ತುಹೋದವು. ಸಪ್ಪೆ ರೋಗ. ಎರಡನೇ ಬೇಸಿಗೆಯಲ್ಲೂ ಅದೇ ಕಥೆ. ಎರಡು ಸಲವೂ ಅತ್ತೆಯ ಸಾಲು ಮುಕ್ಕಾಲು ಪಾಲು ಉಳಿಯಿತು, ಸೊಸೆಯ ಸಾಲು ಹೋಯಿತು.

ಆಗಲೇ ನನ್ನ ನಾಲಿಗೆ ತುರಿಸಿತು. ಹಾಲಿನ ಡೇರಿಯ ಮುಂದೆ ಸಾಲಲ್ಲಿ ನಿಂತು ಹೇಳಿಬಿಟ್ಟೆ. "ಅತ್ತೆ ಕೈಗೆ ಹತ್ತಿದ್ದು ಸೊಸೆ ಕೈಗೆ ಹತ್ತಲಿಲ್ಲ ಕಣ್ರೇ. ಕೈಗುಣ ಅನ್ನೋದು ಕಲಿತ್ರೆ ಬರುತ್ತಾ?"

ತಿರುಗಿ ನೋಡಿದರೆ ಹಿಂದೆಯೇ ಸಿಂಚನ, ಕೈಯಲ್ಲಿ ಹಾಲಿನ ಕ್ಯಾನು. ಹಾಲು ಹಾಕಿ ಹೋದಳು. ನಾನು "ಅಯ್ಯೋ, ಕೇಳಿಸ್ತೇನೋ" ಅಂದುಕೊಂಡು ನನ್ನ ಪಾಡಿಗೆ ಮನೆಗೆ ಬಂದೆ. ಥೂ, ನನ್ನ ಬಾಯಿಗಿಷ್ಟು!

ಮುಂದಿನ ಬೆಳೆಯಿಂದ ಸಿಂಚನ ಹುಳದ ಮನೆಯ ಹೊಸ್ತಿಲು ದಾಟಲಿಲ್ಲ. ತೋಟದಿಂದ ಸೊಪ್ಪು ಕುಯ್ದು ತರುತ್ತಾಳೆ, ಬಾಗಿಲಲ್ಲಿ ಹೊರೆ ಇಳಿಸುತ್ತಾಳೆ, ಹಿಂದಕ್ಕೆ ಹೋಗುತ್ತಾಳೆ. ಒಳಗೆ ಅಕ್ಕಯಮ್ಮ ಒಬ್ಬಳೇ ಮಂಡಿ ಹಿಡಿದುಕೊಂಡು ಸಾಲಿನಿಂದ ಸಾಲಿಗೆ ಹೋಗಬೇಕು.

"ಬಾರೇ ಮಗಾ ಒಳಕ್ಕೆ" ಎಂದು ಅಕ್ಕಯಮ್ಮ ಕರೆದಿದ್ದನ್ನು ನಾನೇ ಬೇಲಿಯಾಚೆಯಿಂದ ಕೇಳಿದ್ದೇನೆ.

"ಬೇಡ ಅತ್ತೆ. ನನ್ ಕೈಯಿಂದ ಅವು ಸಾಯೋದು ಬೇಡ."

ಚಳಿಗಾಲ ಹೇಗೋ ಕಳೆಯಿತು. ಶಿವರಾತ್ರಿ ಹೊತ್ತಿಗೆ ಅಕ್ಕಯಮ್ಮ ಸೋತುಹೋದಳು. "ನನ್ ಕೈಲಿ ಆಗಲ್ಲ ಭಾಗ್ಯ. ಈ ಹುಡುಗಿ ಒಳಗೆ ಬರ್ದಿದ್ರೆ ಹುಳ ಬಿಟ್ಬಿಡ್ತೀನಿ. ಹುಳ ಹೋದ್ರೆ ಹೋಗ್ಲಿ, ಅವಳು ಒಳಗೊಳಗೇ ಕೊರಗ್ತಾವ್ಳಲ್ಲ, ಅದನ್ನ ನೋಡಕ್ಕಾಗಲ್ಲ" ಅಂದು ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಅದೇ ವಾರ ಅಕ್ಕಯಮ್ಮನ ತಮ್ಮ ಪಿಳ್ಳಣ್ಣ ಬಂದ. ದಾಬಸ್‌ಪೇಟೆ ಕಡೆ ತರಕಾರಿ, ಹಣ್ಣು ಇಡುವ ತಂಪು ಗೋದಾಮುಗಳ ಗೋಡೆಗೆ ಫೋಮ್ ಬೋರ್ಡ್ ಅಂಟಿಸುವುದು ಅವನ ಕೆಲಸ. ಫೋಮ್ ಬೋರ್ಡ್ ಅಂದರೆ ಥರ್ಮಕೋಲ್ ಜಾತಿಯದೇ ಹಲಗೆ, ಆದರೆ ಗಟ್ಟಿ. ಮಾತಾಡಿಸೋಣ ಅಂತ ನಾನೂ ಹೋಗಿದ್ದೆ. ಅಕ್ಕ ಹೇಳಿದ್ದನ್ನೆಲ್ಲ ಕೇಳಿ, ಕಾಫಿ ತಂದ ಸಿಂಚನಳನ್ನು ಅವನು ಕೂರಿಸಿಕೊಂಡ.

"ಯಾವ ಹುಳ ಮೊದಲು ಸತ್ತಿದ್ದಮ್ಮಾ?"

"ಗೋಡೆ ಪಕ್ಕದ್ದು ಮಾವ. ಆಮೇಲೆ ಅದ್ರ ಮುಂದಿನ ಸಾಲು. ಬೆಳಿಗ್ಗೆ ಸೊಪ್ಪು ಹಾಕಿದ್ರೆ ತಿಂತಿದ್ವು. ಮಧ್ಯಾಹ್ನ ಹಾಕಿದ್ದು ಹಂಗೇ ಬಾಡ್ತಿತ್ತು."

"ಇಷ್ಟು ಚೆನ್ನಾಗಿ ನೋಡಿದೀಯ, ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ ಮಾವ."

ಪಿಳ್ಳಣ್ಣ ಎದ್ದ. ಸಂಜೆ ನಾಲ್ಕು ಗಂಟೆ. ಎಲ್ಲರನ್ನೂ ಕರೆದುಕೊಂಡು ಹುಳದ ಮನೆಗೆ ಹೋದ. ಬೆಳೆ ಮುಗಿದು ಮನೆ ಖಾಲಿಯಿತ್ತು. ಸಿಂಚನ ಬಾಗಿಲಲ್ಲೇ ನಿಂತಳು.

"ಭಾಗ್ಯಕ್ಕ, ಈ ಗೋಡೆ ಮುಟ್ಟು" ಅಂದ. ಪಡುವಣ ಗೋಡೆಗೆ ಒಳಗಡೆಯಿಂದ ಕೈ ಇಟ್ಟೆ. ರೊಟ್ಟಿ ತೆಗೆದ ಹೆಂಚನ್ನು ಮುಟ್ಟಿದ ಹಾಗಾಗಿ ಕೈ ಎಳೆದುಕೊಂಡೆ. ಬಾಗಿಲ ಪಕ್ಕ ನೇತುಹಾಕಿದ್ದ ಥರ್ಮಾಮೀಟರ್ ಮೂವತ್ತೊಂದು ತೋರಿಸುತ್ತಿತ್ತು. ಅಕ್ಕಯಮ್ಮ ದಿನಾ ನೋಡುತ್ತಿದ್ದುದು ಅದನ್ನೇ. ಪಿಳ್ಳಣ್ಣ ಅದನ್ನು ಬಿಚ್ಚಿ ಪಡುವಣ ಗೋಡೆಯ ಪಕ್ಕ ಇಟ್ಟ. ಸ್ವಲ್ಪ ಹೊತ್ತಿಗೆ ಮೂವತ್ತಾರು.

"ನೋಡಕ್ಕಾ. ಶೀಟಿಗೆ ಗರಿ ಹೊದಿಸಿದೀರಿ. ಗೋಡೆಗೆ ಏನು ಹೊದಿಸಿದೀರಿ? ಮಧ್ಯಾಹ್ನದ ಬಿಸಿಲೆಲ್ಲ ಇದು ಕುಡಿದು ಒಳಗಡೆಗೆ ಕಕ್ಕುತ್ತೆ. ಇದ್ರ ಪಕ್ಕ ನೀನು ಸೊಪ್ಪು ಹಾಕಿದ್ರೂ ಅವು ಸಾಯ್ತಿದ್ವು."

ಅಕ್ಕಯಮ್ಮ ಹಾಗೇ ಕೂತುಬಿಟ್ಟಳು. "ನನ್ ಮಂಡಿನೋವಿಗೆ ಅಂತ ನಾನೇ ಅವಳನ್ನ ಈ ಕಡೆ ಹಾಕಿದ್ದು ಕಣೋ" ಅಂದಳು. ನಾನು ನೆಲ ನೋಡಿದೆ. ಕೈಗುಣವಂತೆ, ಕೈಗುಣ! ನನಗೆ ಬುದ್ಧಿ ಎಲ್ಲಿ ಮೇಯಕ್ಕೆ ಹೋಗಿತ್ತೋ.

ಆದರೂ ಸೋಲುವ ಜಾತಿಯಲ್ಲ ನಾನು. "ಗೋಡೆಗೆ ಸ್ವೆಟರ್ ಹಾಕಿದ್ರೆ ಒಳಗೆ ಇನ್ನೂ ಸೆಕೆ ಆಗಲ್ವೇನೋ?" ಅಂತ ಕೇಳಿದೆ.

ಪಿಳ್ಳಣ್ಣ ನಕ್ಕ. "ಐಸ್ ಮಾರೋನು ಐಸ್ ಗಡ್ಡೆಗೆ ಗೋಣಿ ಸುತ್ತುತಾನಲ್ಲ ಭಾಗ್ಯಕ್ಕ, ಐಸಿಗೆ ಚಳಿ ಅಂತಾನಾ? ಹೊರಗಿನ ಬಿಸಿ ಒಳಗೆ ಬರದಿರ್ಲಿ ಅಂತ. ಇದೂ ಅದೇ. ಚಳಿಗಾಲದಲ್ಲಿ ಒಳಗಿನ ಬಿಸಿ ಹೊರಗೆ ಹೋಗದಂಗೂ ಇದೇ ತಡಿಯುತ್ತೆ." ಭಾನುವಾರ ಸಾಮಾನು ತಂದು ಅಂಟಿಸಿಕೊಡುವುದಾಗಿ ಹೇಳಿ ಹೊರಟ.

ಭಾನುವಾರದವರೆಗೆ ಕಾಯುವ ತಾಳ್ಮೆ ಕೆಂಪರಾಜುವಿಗೆ ಎಲ್ಲಿಯದು? ಟಿವಿ ಪೆಟ್ಟಿಗೆಯಲ್ಲಿ ಬರುವಂಥ ಹಗುರ ಥರ್ಮಕೋಲ್ ತಂದ, ಮರಗೆಲಸದವರ ಹಳದಿ ಗಮ್ಮು ಬಳಿದ, ಗೋಡೆಯ ಒಳಗಡೆಗೆ ಅಂಟಿಸಿದ. ಬೆಳಿಗ್ಗೆ ನೋಡಿದರೆ ಹುಳ ಸೊಪ್ಪು ತಿಂದ ಹಾಗೆ ಗಮ್ಮು ಥರ್ಮಕೋಲನ್ನು ತಿಂದುಹಾಕಿತ್ತು. ವಾಸನೆಗೆ ತಲೆ ತಿರುಗುತ್ತಿತ್ತು. ಪುಣ್ಯಕ್ಕೆ ಒಳಗೆ ಹುಳ ಇರಲಿಲ್ಲ.

ಭಾನುವಾರ ಬಂದ ಪಿಳ್ಳಣ್ಣ ತಲೆ ಚಚ್ಚಿಕೊಂಡ. "ಅಲ್ಲ ಕಣೋ ಅಳಿಯಾ, ಬೀಡಿ ಸೇದಿದವ್ರನ್ನೂ ಹುಳದ ಮನೆ ಒಳಗೆ ಬಿಡಲ್ಲ ನೀವು. ಈ ಗಮ್ಮು ಹೆಂಗಪ್ಪಾ ಬಿಟ್ಟೆ? ಚಳೀಲಿ ಇದೇ ಗೋಡೆ ಪಕ್ಕ ಅಗ್ಗಿಷ್ಟಿಕೆ ಇಡ್ತೀರಲ್ಲ, ಒಂದು ಕಿಡಿ ತಾಗಿದ್ರೆ ಇದು ಭಗ್ ಅಂತ ಹತ್ಕೊಳ್ಳುತ್ತೆ. ಅದ್ರ ಹೊಗೆ ವಿಷ. ಹುಳ ಇರ್ಲಿ, ಮನುಷ್ಯರೇ ಉಳಿಯಲ್ಲ."

ಕೆಂಪರಾಜು ಎಲ್ಲವನ್ನೂ ಕಿತ್ತು ತೆಗೆದ. ಪಿಳ್ಳಣ್ಣ ಹೊರಗಡೆಯಿಂದ ಶುರುಮಾಡಿದ. ಒಂದು ವಾರದ ಕೆಲಸ, ನಾನು ದಿನಾ ಬೇಲಿ ಪಕ್ಕದಲ್ಲಿ ಕೂತು ಪೂರ್ತಿ ನೋಡಿದೆ. ಮೊದಲು ಗೋಡೆಯ ಧೂಳು ತೊಳೆದು, ಬಿರುಕು ಮುಚ್ಚಿ, ಚೆನ್ನಾಗಿ ಒಣಗಲು ಬಿಟ್ಟರು. ಆಮೇಲೆ ಟೈಲ್ಸ್ ಅಂಟಿಸುವ ಪುಡಿಯಂಥದ್ದೇ, ಈ ಹಲಗೆಗೆಂದೇ ಸಿಗುವ ಸಿಮೆಂಟಿನ ಅಂಟು ಕಲಸಿದರು. ಹಲಗೆಯ ಅಂಚಿನ ಸುತ್ತ ಒಂದು ಕಟ್ಟೆ, ನಡುವೆ ನಾಲ್ಕೈದು ಉಂಡೆ ಇಟ್ಟು ಗೋಡೆಗೆ ಒತ್ತಿದರು. ನೆಲದಿಂದ ಒಂದು ಗೇಣು ಬಿಟ್ಟೇ ಶುರು, ಮಳೆನೀರು ಸಿಡಿಯದಿರಲಿ, ಗೆದ್ದಲು ಹತ್ತದಿರಲಿ ಅಂತ. ಇಟ್ಟಿಗೆ ಕಟ್ಟುವ ಹಾಗೆ ಮೇಲಿನ ಸಾಲಿನ ಸಂದು ಕೆಳಗಿನ ಸಂದಿನ ಮೇಲೆ ಬಾರದಂತೆ ಜೋಡಿಸಿದರು. ಸಂದು ಉಳಿದಲ್ಲಿ ಫೋಮಿನ ಚೂರನ್ನೇ ತುರುಕಿದರು. ಅಂಟು ಒಣಗಿದ ಮೇಲೆ ಡ್ರಿಲ್ ಹಾಕಿ, ಛತ್ರಿಯಂತೆ ಅಗಲ ತಲೆಯಿರುವ ಉದ್ದನೆಯ ಪ್ಲಾಸ್ಟಿಕ್ ಮೊಳೆ, ಒಂದೊಂದು ಹಲಗೆಗೆ ಐದು ಹೊಡೆದರು.

"ಆಯ್ತಲ್ಲ, ಇನ್ನು ಬಿಡು" ಅಂದ ಕೆಂಪರಾಜು.

"ಆಗ್ಲಿಲ್ಲ. ಬಿಸಿಲಿಗೆ ಬಿಟ್ರೆ ಉದುರುತ್ತೆ, ಇಲಿ ಕೊರೆಯುತ್ತೆ, ಬೆಂಕಿ ಭಯ ಬೇರೆ. ಮೈ ತುಂಬ ಮುಚ್ಬೇಕು" ಅಂದ ಪಿಳ್ಳಣ್ಣ. ಹಲಗೆಯ ಮೇಲೆ ಬಲೆ ಹಾಸಿ, ಅಂಚು ಮೂಲೆ ಒಂದೂ ಬಿಡದೆ ಸಿಮೆಂಟು ಗಾರೆ ಮಾಡಿ, ಒಣಗಿದ ಮೇಲೆ ಬಿಳಿ ಸುಣ್ಣ ಹೊಡೆಸಿದ. ಬಿಸಿಲು ಬೀಳುವ ತೆಂಕಣ ಗೋಡೆಗೂ ಹಾಗೇ ಮಾಡಿದ. ಕಿಟಕಿಯೊಂದನ್ನೂ ಮುಚ್ಚಲಿಲ್ಲ. ಹುಳಕ್ಕೆ ಗಾಳಿ ಬೇಕೇ ಬೇಕು.

ಯುಗಾದಿ ಮುಗಿಯಿತು. ಹೊಸ ಹುಳ ಬಂದವು. ಸಿಂಚನ ಮಾತ್ರ ಮೊದಲಿನಂತೆ ಹೊಸ್ತಿಲಲ್ಲೇ. ಗೋಡೆ ಸರಿಹೋಯಿತು, ಹುಡುಗಿಯ ಮನಸ್ಸು ಸರಿಹೋಗಿರಲಿಲ್ಲ.

ಆಗ ಅಕ್ಕಯಮ್ಮ ಒಂದು ಮಾತಂದಳು. "ಈ ಸಲ ನೀನು ಬಾಗಿಲ ಕಡೆ ತಗೋ ಮಗಾ. ಪಡುವಣ ಗೋಡೆ ಸಾಲು ನನಗಿರ್ಲಿ. ಹೋಗೋದಾದ್ರೆ ನನ್ ಕೈಯಿಂದ್ಲೇ ಹೋಗ್ಲಿ." ಹೇಳಿದವಳೇ ಮಂಡಿ ಹಿಡಿದುಕೊಂಡು, ಸೊಪ್ಪಿನ ಹೊರೆ ಎಳೆದುಕೊಂಡು ಒಳಗೆ ಹೊರಟಳು. ನಾಲ್ಕು ಹೆಜ್ಜೆಗೆ "ಅಮ್ಮಾ" ಅಂದು ಕಂಬ ಹಿಡಿದಳು.

ಸಿಂಚನ ತಡೆಯಲಾರದೆ ಕಾಲು ತೊಳೆದುಕೊಂಡಳು, ರೋಗ ಒಳಗೆ ಬರದಿರಲೆಂದು ಬಾಗಿಲಲ್ಲಿ ಹಾಕಿದ್ದ ಸುಣ್ಣದ ಪುಡಿ ತುಳಿದು ಒಳಗೆ ಓಡಿದಳು. "ನಿಮ್ ಮಂಡಿಗೆ ಅಷ್ಟು ದೂರ ಆಗಲ್ಲ ಅತ್ತೆ. ಕೊಡಿ ಇಲ್ಲಿ" ಅಂದು ಹೊರೆ ಕಿತ್ತುಕೊಂಡಳು. ಆವತ್ತಿನಿಂದ ಪಡುವಣ ಗೋಡೆಯ ಸಾಲು ಮತ್ತೆ ಅವಳದೇ ಆಯಿತು.

ಒಂದು ಹುಳವೂ ಸಾಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಲ್ಲೊಂದು ಇಲ್ಲೊಂದು ಹೋಗಿಯೇ ಹೋದವು. ಆದರೆ ಹೊರಗೆ ಮೂವತ್ತಾರು ಡಿಗ್ರಿ ಸುಡುವಾಗ ಗೋಡೆಯ ಪಕ್ಕ ಮೂವತ್ತರ ಆಸುಪಾಸು ನಿಂತಿತು. ಕಿಟಕಿಗೆ ಒದ್ದೆ ಗೋಣಿ ಇಳಿಬಿಡುವುದನ್ನೂ ಅವರು ಬಿಡಲಿಲ್ಲ. ನಾಲ್ಕನೇ ಪೊರೆ ಕಳಚಿ ಎದ್ದ ಹುಳ ಮಧ್ಯಾಹ್ನದ ಸೊಪ್ಪನ್ನೂ ಮಳೆ ಸುರಿದ ಸದ್ದಿನಂತೆ ಸರಸರ ತಿಂದವು.

ಹುಳ ಹಣ್ಣಾದ ದಿನ ಅಕ್ಕಪಕ್ಕದವರೆಲ್ಲ ಆಯುವುದಕ್ಕೆ ಹೋಗುವುದು ನಮ್ಮಲ್ಲಿ ಪದ್ಧತಿ. ನಾನೂ ಹೋದೆ. ಅತ್ತೆಯ ಸಾಲು ಯಾವುದು, ಸೊಸೆಯ ಸಾಲು ಯಾವುದು, ಹೇಳಲಾಗದ ಹಾಗೆ ಎಲ್ಲ ತಟ್ಟೆಯಲ್ಲೂ ಹಳದಿಗೆ ತಿರುಗಿದ ಹುಳ. ಸಿಂಚನ ಒಂದೊಂದನ್ನೇ ಮೆಲ್ಲಗೆ ಎತ್ತಿ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು.

ಹತ್ತಿರ ಹೋದೆ. "ಡೇರಿ ಹತ್ರ ಆವತ್ತು ನಾನು ಅಂದಿದ್ದು... ತಪ್ಪಾಯ್ತು ಕಣಮ್ಮಾ" ಅಂದೆ.

ಅವಳು ನನ್ನ ಕೈ ಹಿಡಿದುಕೊಂಡು ಪಡುವಣ ಗೋಡೆಯ ಮೇಲೆ ಇಟ್ಟಳು. ಅದೇ ನಾಲ್ಕು ಗಂಟೆ, ಹೊರಗೆ ಅದೇ ಬಿಸಿಲು. ಗೋಡೆ ಸುಡಲಿಲ್ಲ.

"ಈಗ ಹೇಳಿ ಭಾಗ್ಯಕ್ಕ, ನನ್ ಕೈ ಹೆಂಗಿದೆ?" ಅಂದಳು. ನಗುತ್ತಲೇ ಅಂದಳು, ಕಣ್ಣಲ್ಲಿ ನೀರಿತ್ತು. ನನಗೂ ತಡೆಯಲಾಗಲಿಲ್ಲ, ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. "ಹುಳ ಆಯ್ರೇ, ಅಳೋದು ಆಮೇಲೆ!" ಅಂತ ಅಕ್ಕಯಮ್ಮ ಆ ಕಡೆಯಿಂದ ಗದರಿದಳು.

ಅಕ್ಕಂದಿರೇ, ತಂಗಿಯರೇ, ಹುಳ ಸಾಕುವ ಅಣ್ಣಂದಿರೇ, ಬೇಸಿಗೆ ಬರುವ ಮುಂಚೆ, ಹುಳದ ಮನೆ ಖಾಲಿ ಇರುವಾಗ ಈ ಕೆಲಸ ಮಾಡಿಸಿ. ಬಿಸಿಲು ಬೀಳುವ ಗೋಡೆಗೆ ಹೊರಗಡೆಯಿಂದ ಗಟ್ಟಿ ಫೋಮ್ ಬೋರ್ಡ್ ಹಾಕಿಸಿ, ಅದಕ್ಕೆ ಒಪ್ಪುವ ಸಿಮೆಂಟಿನ ಅಂಟನ್ನೇ ಬಳಸಿ, ಮೊಳೆ ಬಿಗಿಸಿ, ಗಾರೆಯಿಂದ ಪೂರ್ತಿ ಮುಚ್ಚಿಸಿ. ಬರೀ ಫೋಮನ್ನು ಬೆಂಕಿಯ ಹತ್ತಿರ ಯಾವತ್ತೂ ಬಿಡಬೇಡಿ. ನಮ್ಮ ಕೆಂಪರಾಜುವಿನ ಹಾಗೆ ಆತುರ ಪಡದೆ ಕೆಲಸ ಗೊತ್ತಿದ್ದವರನ್ನು ಕರೆಸಿ. ರೇಷ್ಮೆ ಇಲಾಖೆಯವರನ್ನೂ ಒಂದು ಮಾತು ಕೇಳಿ.

ಇವತ್ತೇ ಸಂಜೆ ನಾಲ್ಕು ಗಂಟೆಗೆ ನಿಮ್ಮ ಹುಳದ ಮನೆಗೆ ಹೋಗಿ. ಸೊಸೆಯ ಕೈಗುಣದ ಮಾತು ಎತ್ತುವ ಮುಂಚೆ ನಿಮ್ಮ ಕೈಯನ್ನು ಪಡುವಣ ಗೋಡೆಯ ಮೇಲೆ ಇಟ್ಟು ನೋಡಿ.