ಮಿಸ್ ಕ್ಲಿಯೋರಾ ಹೊತ್ತ ಚೀಲ

ಗುರುತುಪರಿಚಯವಿಲ್ಲದವರ ಅಂತ್ಯಕ್ರಿಯೆಗೂ ಮಿಸ್ ಕ್ಲಿಯೋರಾ ಟಾಲಿವರ್ ತಪ್ಪದೆ ಹೋಗುತ್ತಿದ್ದರು. ಅಲಬಾಮಾದ ಆಗಸ್ಟ್ ಬಿಸಿಲಿನಲ್ಲೂ ಕಳಚದ ನೇರಳೆ ಕೋಟು, ನೆಲದ ಅನುಮತಿ ಕೇಳಿ ಪಾದವಿಡುವಂಥ ನಿಧಾನದ ನಡಿಗೆ. ಸತ್ತವರ ಚಿತ್ರವೂ ಬಂಧುಗಳ ಹೆಸರೂ ಅಚ್ಚಾದ ಪುಸ್ತಿಕೆಯನ್ನು ಚರ್ಚಿನ ಬಾಗಿಲಲ್ಲಿ ಎರಡೆರಡು ಪ್ರತಿ ಕೇಳಿ ಪಡೆಯುವರು. "ಒಂದು ಬೀಸ್ಕೊಳ್ಳೋಕೆ, ಒಂದು ಇಟ್ಕೊಳ್ಳೋಕೆ ಕಣಪ್ಪ."

ವಿಲ್ಲು ಬರೆಯದೆ ಹೋದ ಹಿರಿಯರ ಜಮೀನನ್ನು ಮೊಮ್ಮಕ್ಕಳಿಗೆ ಉಳಿಸಿಕೊಡಲು ಹೆಣಗುವ ನಮ್ಮ ಪುಟ್ಟ ಸೇವಾಸಂಸ್ಥೆಯಲ್ಲಿ ಅವರು ಸಂಬಳವಿಲ್ಲದ ಸ್ವಯಂಸೇವಕಿ. ಕಾಗದಪತ್ರ ನೋಡಿಕೊಳ್ಳುವವನು ನಾನು. ಮಧ್ಯಾಹ್ನ ಕಿಟಕಿಯ ಬಳಿ ಕೂತು, ಅರೆಗಣ್ಣು ಮುಚ್ಚಿ, ಅರವತ್ತು ವರ್ಷಗಳ ಪುಸ್ತಿಕೆಗಳನ್ನು ಚೀಲದಿಂದ ತೆಗೆದು ತಿರುವುವರು. ತೀರಿಕೊಂಡವರನ್ನೆಲ್ಲ ಈಗಷ್ಟೇ ಬೀದಿಯಲ್ಲಿ ಕಂಡವರಂತೆ ಮಾತಾಡುವರು. ಆ ಮಂಪರಿನ ಹೊತ್ತಿನಲ್ಲಿ ನಮ್ಮ ಕಚೇರಿಯ ಖಾಲಿ ಕುರ್ಚಿಗಳು ಖಾಲಿಯಲ್ಲವೆಂದು ನನಗೂ ಅನ್ನಿಸುತ್ತಿತ್ತು, ಸುಳ್ಳೇಕೆ ಹೇಳಲಿ!

ಎದುರಿನ ಕೌಂಟಿ ದಾಖಲೆ ಕಚೇರಿಯ ಗುಮಾಸ್ತ ಹಾಲಿಸ್ ರೇಗಿಸುತ್ತಿದ್ದ: "ಮತ್ತೆ ಹೆಣಗಳ ಮೆರವಣಿಗೆ ತಂದ್ರಾ?"

"ನಿನ್ನ ಕಡತದ ಬೀರುಗಿಂತ ನನ್ನ ಹೆಣಗಳೇ ಬೇಗ ಉತ್ತರ ಕೊಡ್ತವೆ, ಹೋಗಯ್ಯ."

ಒಮ್ಮೆ ಬಡಗಿ ಎಜೆಲ್ ಗೇನ್ಸ್ ಹ್ಯಾಟು ಹಿಂಡುತ್ತ ಬಂದ. ಅಜ್ಜ ಮೋಸೆಸನ ಜಮೀನಿನಲ್ಲಿ ದಾಯಾದಿಗಳು ತಮ್ಮ ಪಾಲನ್ನು ಮರದ ಕಂಪನಿಯೊಂದಕ್ಕೆ ಮಾರಿದ್ದರು. ಕಂಪನಿಗೆ ಪೂರ್ತಿ ನೆಲವೇ ಬೇಕು. ಎಜೆಲ್‌ನ ತಂದೆ ಓಟಿಸ್ ಮೋಸೆಸನ ಮಗನೇ ಅಲ್ಲವೆಂದು ಅದರ ವಾದ. ಮದುವೆಯಾಚೆ, ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಓಟಿಸ್‌ಗೆ ಜನನಪತ್ರವಿರಲಿಲ್ಲ.

"ಜಮೀನು ಹೋದ್ರೆ ಹಾಳಾಗ್ಲಿ ಮಿಸ್ ಕ್ಲಿಯೋರಾ, ನಮ್ಮಪ್ಪ ಯಾರ ಮಗನೂ ಅಲ್ಲ ಅಂತ ಬರೀತಾರಲ್ಲ!" ಅಷ್ಟು ದೊಡ್ಡ ಗಂಡಸು ಬಿಕ್ಕಿದ.

ಅವರು ಅರವತ್ತೊಂದನೇ ಇಸವಿಯ ಮೋಸೆಸನ ಪುಸ್ತಿಕೆ ತೆಗೆದರು. ಮಕ್ಕಳ ಐದು ಹೆಸರು ಅಚ್ಚಾಗಿದ್ದವು, ಓಟಿಸ್ ಇರಲಿಲ್ಲ. ಆದರೆ ಕೆಳಗೆ ಪೆನ್ಸಿಲಿನಲ್ಲಿ, ಅವರದೇ ಅಕ್ಷರದಲ್ಲಿ ಹೀಗಿತ್ತು: 'ಕಡೇ ಬೆಂಚು. ಓಟಿಸ್, ಮಗ. ಮುಂದೆ ಮನೆಯವರ ಸಾಲಿಗೆ ಕರೆಯಲಿಲ್ಲ.'

ನ್ಯಾಯಾಲಯದಲ್ಲಿ ಕಂಪನಿಯ ವಕೀಲ ನಕ್ಕ. "ಹತ್ತೊಂಬತ್ತು ವರ್ಷದ ಹುಡುಗಿಯಾಗಿದ್ದಾಗ ನೀವು ಗೀಚಿದ್ದು ಇದು. ಮಗ ಅಂತ ನಿಮಗೆ ಹೇಳಿದ್ದು ಯಾರು?"

"ಮೋಸೆಸ್ ಹೆಂಡ್ತೀನೇ," ಎಂದರು ಅವರು, ದನಿ ಏರಿಸದೆ. "ಹಿಂದೆ ಒಬ್ನೇ ಅಳ್ತಾ ಇರೋನು ಯಾರಮ್ಮಾ ಅಂತ ಕೇಳ್ದೆ. ನನ್ನ ಗಂಡನ ಮಗ, ಹೆಸರು ಹಾಕ್ಸೋ ಧೈರ್ಯ ನನಗೆ ಬರ್ಲಿಲ್ಲ ಅಂದ್ರು. ಅವರಿಗೆ ಬರ್ದೇ ಇದ್ದ ಧೈರ್ಯ ನನ್ನ ಪೆನ್ಸಿಲ್‌ಗೆ ಬಂತು, ಅಷ್ಟೇ."

ನ್ಯಾಯಾಧೀಶರು ಆ ಸಾಲನ್ನು ಬಹಳ ಹೊತ್ತು ಓದಿದರು. ಸಾಕ್ಷ್ಯ ಒಪ್ಪಿ, ಮೋಸೆಸನ ಮಕ್ಕಳ ಪಟ್ಟಿಯಲ್ಲಿ ಆರನೆಯವನಾಗಿ ಓಟಿಸನನ್ನು ಬರೆಸಿದರು. ಎಜೆಲ್‌ನ ಪಾಲು ಉಳಿಯಿತು. ಅವನು ಆದೇಶದಲ್ಲಿ ತನ್ನ ಹೆಸರನ್ನು ಹುಡುಕಲೇ ಇಲ್ಲ, ತಂದೆಯ ಹೆಸರಿನ ಮೇಲೆ ಬೆರಳಿಟ್ಟು ನಿಂತಿದ್ದ.

ಕಚೇರಿಗಳನ್ನು ನಡೆಸುವವರೂ ಸಂಸ್ಥೆಗಳನ್ನು ಕಟ್ಟುವವರೂ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಮುಂದಿನ ಸಾಲಿನ ದುಃಖಕ್ಕೆ ಕೈಕುಲುಕಿ ಮನೆಗೆ ಹೋಗುವ ನನ್ನಂಥವರಿಗಂತೂ ಲೆಕ್ಕವಿಲ್ಲ. ತಿರುಗಿ ನೋಡಿ, ನೀನು ಯಾರಪ್ಪ ಎಂದು ಕೇಳುವ ಕುಲವೇ ಬೇರೆ. ಅಂಥವರು ಕೇಳಿ ಬರೆದುಕೊಂಡ ಮೇಲೆಯೇ ಎಷ್ಟೋ ಮಂದಿ ಈ ಭೂಮಿಯಲ್ಲಿ ಯಾರಾದರೊಬ್ಬರ ಮಕ್ಕಳಾಗುವುದು.