ಬಲ ಮಗ್ಗುಲು

ಜಾಗ್ವಾರಿಗೆ ಹೆಸರಿಡುವ ಹಕ್ಕು ಯಾರದು ಎಂಬುದಕ್ಕೆ ನಮ್ಮ ನದಿಯಲ್ಲಿ ಕಾನೂನಿಲ್ಲ. ಗುಂಪಿನ ನಿಯಮವಿದೆ, ಮತ್ತು ಜನ ಕಾನೂನಿಗಿಂತ ಅದಕ್ಕೇ ಹೆಚ್ಚು ಹೆದರುತ್ತಾರೆ. 'ನದಿ ಮತ್ತು ನೆರಳು' ಎಂದು ಆ ಗುಂಪಿನ ಹೆಸರು, ಫೋನಿನೊಳಗೆ ಅದರ ವಾಸ. ಸಾವ್ ಪೌಲೊದ ದಂತವೈದ್ಯರು, ಕುರಿತೀಬಾದ ನಿವೃತ್ತ ನ್ಯಾಯಾಧೀಶರು, ಜಲವರ್ಣದ ಹೆಂಗಸರು, ಹಕ್ಕಿ ಹುಚ್ಚಿನ ಗಂಡಸರು, ಎಲ್ಲರೂ ಅಲ್ಲಿ ಬೆಳಗ್ಗೆ ಒಬ್ಬರಿಗೊಬ್ಬರು ಹೂವಿನ ಫೋಟೊ ಕೊಟ್ಟುಕೊಂಡು, ಸಂಜೆಯ ಹೊತ್ತಿಗೆ ಯಾರು ಬಣ್ಣ ತಿದ್ದಿದರು ಎಂದು ಜಗಳಕ್ಕಿಳಿಯುತ್ತಾರೆ. ನಿಯಮ ಇಷ್ಟೆ: ಹೊಸ ಜಾಗ್ವಾರ್ ಕಂಡರೆ ಎರಡೂ ಮಗ್ಗುಲಿನ ಫೋಟೊ ಬೇಕು. ಎಡಗಡೆಯ ಮಚ್ಚೆಗೂ ಬಲಗಡೆಯ ಮಚ್ಚೆಗೂ ಹೋಲಿಕೆಯೇ ಇರುವುದಿಲ್ಲ, ಒಂದೇ ಮಗ್ಗುಲು ನೋಡಿ ಬರೆದುಕೊಂಡರೆ ಒಂದು ಪ್ರಾಣಿ ಎರಡಾಗಿಬಿಡುತ್ತದೆ. ಹಿಂದೆ ಬಾಲದ ತುದಿ ಕಂಡವರೂ ಹೆಸರಿಡಲು ಓಡಿ ಬರುತ್ತಿದ್ದರಂತೆ. ಅದಕ್ಕೇ ಎರಡನೆಯ ಮಗ್ಗುಲನ್ನು ತಂದು ಜೋಡಿ ಪೂರ್ತಿ ಮಾಡಿದವರಿಗೇ ಆ ಹಕ್ಕು ಎಂದು ತೀರ್ಮಾನವಾಯಿತು.

ಇದೆಲ್ಲ ನನಗೆ ಗೊತ್ತಾಗಲು ಕಾರಣ, ಈ ದಂಡೆಯಲ್ಲಿ ಇಂಟರ್ನೆಟ್ಟು ಸಿಗುವುದು ನನ್ನ ಅಂಗಡಿಯ ಜಗಲಿಯಲ್ಲಿ ಮಾತ್ರ. ದೋಣಿಯವರು ಸಂಜೆ ಬಂದು ಬೆಂಚಿನ ಮೇಲೆ ಕೂತು, ತಣ್ಣೀರಲ್ಲಿ ಸೊಪ್ಪು ನೆನೆಸಿದ ತೆರೆರೆ ತುಂಬಿ ಒಂದೇ ನಳಿಕೆ ಇಟ್ಟ ಕೊಂಬನ್ನು ಕೈಯಿಂದ ಕೈಗೆ ದಾಟಿಸುತ್ತ, ಫೋನಿನ ಬೆಳಕಿನಲ್ಲಿ ಮುಖ ಕಾಯಿಸಿಕೊಳ್ಳುತ್ತಾರೆ. ನನ್ನ ನಾಯಿ ಬೆಂಚಿನ ಕೆಳಗೆ ಮಲಗಿ ಯಾರ ಕಾಲಿಗೂ ಜಾಗ ಕೊಡುವುದಿಲ್ಲ.

ಅವರಲ್ಲಿ ಹಿರಿಯ ಅದೆಮಾರ್. ಮೊದಲು ಗಾಳದವರನ್ನು ಕರೆದೊಯ್ಯುತ್ತಿದ್ದ, ಈಗ ಕ್ಯಾಮೆರಾದವರನ್ನು. "ಏನೂ ವ್ಯತ್ಯಾಸ ಇಲ್ಲ ದೋನಾ ನಿಲ್ಸಾ, ಇಬ್ರೂ ಸಿಕ್ಕಿದ್ದಕ್ಕಿಂತ ದೊಡ್ಡದೇ ಹೇಳ್ತಾರೆ" ಎಂದು ನನಗೆ ಹೇಳುತ್ತಿದ್ದ. ಯಾವನೋ ಪರದೇಶದ ಗಿರಾಕಿ ಹೊಸದು ಕೊಂಡಾಗ ಹಳೆಯ ಕ್ಯಾಮೆರಾವನ್ನು ಇವನ ಮಡಿಲಿಗೆ ಹಾಕಿ ಹೋಗಿದ್ದ. ಅಂದಿನಿಂದ ಅದೆಮಾರನೂ ಗುಂಪಿನ ಸದಸ್ಯ. ಅಂತರಗಂಗೆಯ ಮೇಲೆ ಕೂತ ಕೊಕ್ಕರೆ, ಬಾಯಿ ತೆರೆದ ಮೊಸಳೆ, ಇಂಥವನ್ನು ಹಾಕಿ, ಲೈಕು ಬಿದ್ದಾಗ ಗಂಟಲು ಸರಿಮಾಡಿಕೊಂಡು ನಮ್ಮೆಲ್ಲರ ಮುಖ ನೋಡುತ್ತಿದ್ದ.

ಒಂದು ವರ್ಷ, ಹೊಳೆ ಇಳಿದ ಒಣಗಾಲದಲ್ಲಿ ಅವನಿಗೆ ಹೊಸ ಹೆಣ್ಣು ಜಾಗ್ವಾರ್ ಕಂಡಿತು. ಮೇಲುಹೊಳೆಯ ತಿರುವಿನಲ್ಲಿ, ಎಡದಂಡೆಯ ಮರಳಿನ ಮೇಲೆ, ನೀರಿನ ಹರಿವಿಗೆ ಎದುರಾಗಿ ನಡೆದು ಹೋಗುತ್ತಿತ್ತು. ಹೊಳೆಯ ಕಡೆಗಿದ್ದ ಎಡ ಮಗ್ಗುಲು ಸ್ಪಷ್ಟವಾಗಿ ಸಿಕ್ಕಿತು. ಮರುದಿನವೂ ಅದೇ ದಂಡೆ, ಅದೇ ದಿಕ್ಕು, ಅದೇ ಎಡ ಮಗ್ಗುಲು.

"ಇದಕ್ಕೆ ಇರಾಸಿ ಅಂತ ಹೆಸರಿಡ್ತೀನಿ" ಅಂದ ಅದೆಮಾರ್.

ಇರಾಸಿ ಅವನ ಹೆಂಡತಿ. ಗಾಳದವರ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದಳು. ಅವಳ ಪಾಕು ಮೀನಿನ ಸಾರಿಗೂ ಬೈಗುಳಕ್ಕೂ ಸಮಾನ ಖ್ಯಾತಿ ಇತ್ತು. ಸತ್ತಾಗ ಪ್ರವಾಹ ಮುಟ್ಟದ ಎತ್ತರದ ದಿಬ್ಬದಲ್ಲಿ ಹೂತು, ಮರದ ಶಿಲುಬೆ ನೆಟ್ಟು, ಅದರ ಮೇಲೆ ಕಾಸಿದ ಮೊಳೆಯಿಂದ ಹೆಸರು ಕೊರೆದಿದ್ದ. ಮುಂದಿನ ವರ್ಷ ಕಾಡಿಗೆ ಬೆಂಕಿ ಬಂತು. ನೀರು ಮುಟ್ಟದ ಜಾಗವನ್ನು ಬೆಂಕಿ ಮುಟ್ಟೀತು ಎಂದು ಯಾರು ಯೋಚಿಸಿದ್ದರು? ಶಿಲುಬೆಗಳೆಲ್ಲ ಬೂದಿಯಾದವು. ಆಮೇಲೆ ಬಂದ ಮಳೆಗೆ ಗುಡ್ಡೆಗಳೂ ಮಟ್ಟವಾದವು. ಪಾದ್ರಿ ಬಂದು ಇಡೀ ದಿಬ್ಬಕ್ಕೆ ಒಟ್ಟಾಗಿ ನೀರು ಚಿಮುಕಿಸಿ ಹೋದರು.

"ಕಲ್ಲಿಂದು ಒಂದು ಹಾಕಿಸಪ್ಪ" ಅಂದಿದ್ದೆ ನಾನು.

"ಹಾಕಿಸ್ಬೋದು. ಎಲ್ಲಿ ಅಂತ? ಪಕ್ಕದ ಗುಂಡೀಲಿ ಆ ಕುಡುಕ ವೆನಾಂಸ್ಯು ಇದಾನೆ. ಅವನ ತಲೆ ಮೇಲೆ ಇವಳ ಹೆಸರು ನೆಟ್ರೆ, ಎದ್ದು ಬಂದು ನಂಗೇ ಬಾರಿಸ್ತಾಳೆ."

ಈಗ ಅವನಿಗೆ ಉಪಾಯ ಹೊಳೆದಿತ್ತು. "ಜಾಗ್ವಾರ್ ಎಲ್ಲಿದೆ ಅಂತ ದೋಣಿಯಿಂದ ದೋಣಿಗೆ ರೇಡಿಯೊದಲ್ಲಿ ದಿನಕ್ಕೆ ಹತ್ತು ಸಲ ಕೂಗ್ತಾರೆ ದೋನಾ ನಿಲ್ಸಾ. ಇರಾಸಿ ಎಡದಂಡೇಲಿದಾಳೆ, ಇರಾಸಿ ಮಲಗಿದಾಳೆ, ಇರಾಸಿ ಎದ್ಲು. ನಂಗಷ್ಟು ಸಾಕು."

ಇರಾಸಿಗೆ ಜಾಗ್ವಾರ್ ಕಂಡರಾಗುತ್ತಿರಲಿಲ್ಲ. ಅವಳ ಪಾಲಿಗೆ ಅದು ಚುಕ್ಕೆಯಿರುವ ಕೋಳಿಕಳ್ಳ. ಇದನ್ನು ನೆನಪಿಸಬೇಕು ಎನ್ನಿಸಿತು, ಆದರೆ ಅವನ ಮುಖ ನೋಡಿ ತೆರೆರೆಗೆ ತಣ್ಣೀರು ಸುರಿದು ಕೊಂಬನ್ನು ಮುಂದಕ್ಕೆ ಕೊಟ್ಟೆ.

"ಬಲ ಮಗ್ಗುಲು ಸಿಗೋವರ್ಗೂ ಗುಂಪಿಗೆ ಹಾಕ್ಬೇಡ" ಎಂದದ್ದು ಟುನಿಕೊ. ಅವನೂ ದೋಣಿಯವನೇ, ಅದೆಮಾರನ ಮಗಳಿಗೆ ಜ್ಞಾನಸ್ನಾನದ ಅಪ್ಪ, ಹಾಗಾಗಿ ಏನು ಬೇಕಾದರೂ ಅನ್ನಬಹುದಾದ ಕೊಂಪಾದ್ರೆ.

"ಯಾಕೆ? ಮೊದ್ಲು ಕಂಡಿದ್ದು ಯಾರು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ."

"ನಾಲ್ಕು ಜನಕ್ಕೆ ಗೊತ್ತಾದ್ರೆ ನಾಲ್ಕು ಜನ ಬರ್ತಾರೆ."

"ಬಂದ್ರೆ ನಮ್ ದೋಣೀಲೇ ತಾನೆ ಬರೋದು."

ಅದೆಮಾರ್ ಹಾಕಿಯೇಬಿಟ್ಟ. ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಕೆಳಗೆ ಬರೆದ: 'ಇವಳ ಬಲ ಮಗ್ಗುಲು ಸಿಕ್ಕ ದಿನ ಇರಾಸಿ ಎಂದು ಹೆಸರಿಡುತ್ತೇನೆ. ಇರಾಸಿ ನನ್ನ ಹೆಂಡತಿ. ಅವಳ ಶಿಲುಬೆ ಸುಟ್ಟುಹೋಗಿದೆ.'

ಗುಂಪು ಕರಗಿ ನೀರಾಯಿತು. ಕೊಕ್ಕರೆಗೆ ಎಂದೂ ಬೀಳದಷ್ಟು ಲೈಕು ಬಿದ್ದವು. ನ್ಯಾಯಾಧೀಶರು ಅಳುವ ಮುಖ ಹಾಕಿದರು. ಎಲ್ಲಕ್ಕಿಂತ ಉದ್ದದ ಮಾತು ಬರೆದವರು ಹೆಲೊಯೀಸ ಎಂಬ ದಂತವೈದ್ಯೆ. ಪ್ರೀತಿ, ಬೆಂಕಿ, ಬೂದಿ, ಮರುಹುಟ್ಟು ಎಲ್ಲ ಅದರಲ್ಲಿತ್ತು. ಅಷ್ಟಕ್ಕೇ ನಿಲ್ಲದೆ ಅವನ ಫೋಟೊ ನೋಡಿ ಒಂದು ಜಲವರ್ಣ ಚಿತ್ರ ಬಿಡಿಸಿ ಹಾಕಿದರು. ಚಿತ್ರಕ್ಕೆ ಫೋಟೊಗಿಂತ ಹೆಚ್ಚು ಲೈಕು ಬಂದವು.

"ನಿನ್ನ ಜಾಗ್ವಾರಿಗಿಂತ ಅವರದ್ದು ದಪ್ಪಗಿದೆ" ಅಂದ ಟುನಿಕೊ.

"ಊಟ ಚೆನ್ನಾಗಿ ಹಾಕಿದಾರೆ" ಎಂದು ನಕ್ಕ ಅದೆಮಾರ್. ಆ ಚಿತ್ರವನ್ನು ಫೋನಿನ ಮುಖಪುಟಕ್ಕೆ ಇಟ್ಟುಕೊಂಡಿದ್ದ.

ವಾರಗಳು ಉರುಳಿದವು. ಜಾಗ್ವಾರ್ ಮಾತ್ರ ಹಟ ಹಿಡಿದಂತೆ ನೀರಿಗೆ ಎದುರಾಗಿಯೇ ನಡೆಯುತ್ತಿತ್ತು, ಎಡ ಮಗ್ಗುಲನ್ನೇ ತೋರಿಸುತ್ತಿತ್ತು. ಹಿಂತಿರುಗುವಾಗ ಕಾಡಿನೊಳಗಿನಿಂದ ಹೋಗುತ್ತಿತ್ತೋ ಏನೋ. ಜಗಲಿಯಲ್ಲಿ ಇದೇ ಒಂದು ತಮಾಷೆಯಾಯಿತು. "ಕೊಂಪಾದ್ರೆ, ನಿನ್ ಹೆಂಡ್ತಿಗೆ ಬಲಗಡೆ ಇತ್ತು ತಾನೆ?" ಎಂದು ಟುನಿಕೊ ಕೇಳುತ್ತಿದ್ದ. "ಇತ್ತು. ಆ ಕಡೆ ಕೈಯಲ್ಲೇ ಸೌಟು ಹಿಡೀತಿದ್ಲು, ನಿನ್ ತಲೆ ಮರೆತಿರಬಹುದು" ಎನ್ನುತ್ತಿದ್ದ ಅದೆಮಾರ್.

ಹೆಲೊಯೀಸ ಬರುತ್ತೇನೆಂದು ಬರೆದರು, ಬಂದೂಬಿಟ್ಟರು. ಮೊಣಕೈ ಉದ್ದದ ಲೆನ್ಸು, ಜೊತೆಗೆ ಒಳ್ಳೆಯ ಮನಸ್ಸು. ವಸತಿಗೃಹದವರ ಹತ್ತಿರ ಅದೆಮಾರನ ದೋಣಿಯೇ ಬೇಕೆಂದು ಹಟ ಹಿಡಿದು ಪಡೆದರು. ನನ್ನ ಜಗಲಿಯಲ್ಲಿ ಅವನನ್ನು ಕಂಡಾಗ 'ಸೆವು' ಎಂದು ಹಿರಿಯರಿಗೆ ಕೊಡುವ ಮರ್ಯಾದೆ ಕೊಟ್ಟು ಎರಡೂ ಕೈ ಹಿಡಿದುಕೊಂಡರು.

"ಸೆವು ಅದೆಮಾರ್, ನಾನು ಇರಾಸಿಗೋಸ್ಕರ ಬಂದಿದೀನಿ."

"ಅವಳು ಮನೇಲಿಲ್ಲಮ್ಮ. ಹೊಳೆ ಕಡೆ ಹೋಗಿದಾಳೆ" ಅಂದ. ಆಕೆಯ ಕಣ್ಣಲ್ಲಿ ನೀರು ಬಂತು. ತಾನು ಅಂದದ್ದು ಸರಿಯೋ ತಪ್ಪೋ ತಿಳಿಯದೆ ಅವನು ನನ್ನತ್ತ ನೋಡಿದ.

ತೆರೆರೆಯ ಕೊಂಬು ಕೊಟ್ಟರೆ ಆಕೆ ನಳಿಕೆಯನ್ನು ಕರವಸ್ತ್ರದಿಂದ ಒರೆಸಿ ಕುಡಿದರು. ಹಾಗೆ ಒರೆಸುವುದು ನಮ್ಮಲ್ಲಿ ಮರ್ಯಾದೆಯಲ್ಲ, ಆದರೂ ದೋಣಿಯವರು ತಪ್ಪು ಹಿಡಿಯಲಿಲ್ಲ. ದಂತವೈದ್ಯರು, ಬಾಯಿಯೊಳಗೆ ಏನೇನಿರುತ್ತದೆ ಎಂದು ಬಲ್ಲವರು.

ಮುಂದಿನದನ್ನು ನನಗೆ ಹೇಳಿದ್ದು ಟುನಿಕೊ. ಅವನ ದೋಣಿಯೂ ಅಲ್ಲೇ ಹಿಂದುಗಡೆ ಇತ್ತು.

ಮೇಲುಹೊಳೆಯ ತಿರುವಿನಲ್ಲಿ ಜಾಗ್ವಾರ್ ಎಂದಿನಂತೆ ನೀರಿಗೆ ಎದುರಾಗಿ ಬಂತು, ಬಗ್ಗಿ ನಿಂತಿತು, ದಡದಿಂದ ಹಾರಿತು. ನೀರು ಮೇಲಕ್ಕೆದ್ದು ಬಿತ್ತು. ಹೊರಬಂದಾಗ ಬಾಯಲ್ಲಿ ಮೊಸಳೆಯ ಕತ್ತು. ದಡ ಹತ್ತಿತು. ಹತ್ತಿದ ಕಡೆ ಬಳ್ಳಿಪೊದೆ ಗೋಡೆಯ ಹಾಗಿತ್ತು. ಒಳಹೋಗುವ ದಾರಿ ಹುಡುಕಿ ಅದು ಮೊದಲ ಬಾರಿಗೆ ನೀರು ಹರಿಯುವ ದಿಕ್ಕಿಗೆ ತಿರುಗಿ, ಮೊಸಳೆಯನ್ನು ಎಳೆಯುತ್ತ ನಡೆಯತೊಡಗಿತು. ಬಲ ಮಗ್ಗುಲು, ಪೂರ್ತಿ, ಬಿಸಿಲಲ್ಲಿ ಮಿಂಚುತ್ತ.

ಅದೆಮಾರನ ಕ್ಯಾಮೆರಾ ಅವನ ಮೊಣಕಾಲಿನ ಪಕ್ಕದ ಪೆಟ್ಟಿಗೆಯಲ್ಲಿತ್ತು. ಮುಚ್ಚಳ ತೆರೆದೇ ಇತ್ತು. ಆದರೆ ಆ ತಿರುವಿನಲ್ಲಿ ನೀರಿನ ಸೆಳೆತ ಜೋರು, ಮೋಟರಿನ ಹಿಡಿಯಿಂದ ಕೈ ತೆಗೆದರೆ ದೋಣಿ ಗಿರ್ರನೆ ತಿರುಗಿಬಿಡುತ್ತದೆ. ದೋಣಿ ತಿರುಗಿದರೆ ಮುಂದೆ ಕೂತವರ ಫೋಟೊ ಹಾಳು, ಹಿಂದಿನ ದೋಣಿಯವರ ಫೋಟೊ ಹಾಳು.

"ಒಂದ್ಸಲ ಕೈ ಬಿಟ್ಟ" ಅಂದ ಟುನಿಕೊ. "ನಾನೇ ಕಂಡೆ. ಪೆಟ್ಟಿಗೆ ಕಡೆ ಹೋಯ್ತು ಕೈ. ದೋಣಿ ಮೂತಿ ಒಂಚೂರು ಅಲ್ಲಾಡ್ತು. ಆಯಮ್ಮ ಹಿಂದಕ್ಕೆ ತಿರುಗ್ದೆ, 'ಅಲ್ಲಾಡಿಸ್ಬೇಡಿ, ಅಲ್ಲಾಡಿಸ್ಬೇಡಿ' ಅಂದ್ರು. ಇವ್ನು ಮತ್ತೆ ಹಿಡಿ ಹಿಡ್ದ. ಅಷ್ಟೆ. ಹಂಗೆ ಹಿಡ್ಕೊಂಡೇ ಇದ್ದ, ಅದು ಪೊದೆ ಒಳಗೆ ಹೋಗೋ ತನಕ. ದೋಣಿ ನೆಲದಲ್ಲಿ ಹೂತಂಗೆ ನಿಂತಿತ್ತು ದೋನಾ ನಿಲ್ಸಾ, ನಾನೂ ಹಂಗೆ ನಿಲ್ಲಿಸಲಾರೆ."

ದಡಕ್ಕೆ ಬಂದ ಕೂಡಲೇ ಹೆಲೊಯೀಸ ಅದೆಮಾರನ ಕಡೆ ತಿರುಗಿದರು. "ಇದು ನಿಮ್ಮದೇ ಫೋಟೊ ಸೆವು ಅದೆಮಾರ್. ಗುಂಡಿ ಒತ್ತಿದ್ದು ಮಾತ್ರ ನಾನು. ಹೆಸರು ಇರಾಸೀನೇ."

ಅವರು ಅದನ್ನು ಮನಸಾರೆ ಹೇಳಿದರು. ಇವತ್ತಿಗೂ ನನಗೆ ಅದರಲ್ಲಿ ಅನುಮಾನವಿಲ್ಲ.

ಆ ಸಂಜೆ ನನ್ನ ಬೆಂಚಿನಿಂದಲೇ ಫೋಟೊ ಗುಂಪಿಗೆ ಹೋಯಿತು. ಅಭಿನಂದನೆಗಳ ಮಳೆ. ಹೆಸರಿಡುವ ಹಕ್ಕು ಹೆಲೊಯೀಸರದು ಎಂದು ನ್ಯಾಯಾಧೀಶರು ವಿಧ್ಯುಕ್ತವಾಗಿ ಘೋಷಿಸಿದರು. ಆಕೆ ಇರಾಸಿಯ ಬಗ್ಗೆ ಬರೆಯಲು ಕೂತರು, ಅಷ್ಟರಲ್ಲಿ ಯಾರೋ ಕೇಳಿದರು: ಇಷ್ಟು ಒಳ್ಳೆಯ ಪ್ರಾಣಿಗೆ ಗುಂಪೇ ಸೇರಿ ಹೆಸರಿಟ್ಟರೆ ಹೇಗೆ? ಇನ್ನೊಬ್ಬರು ಹೌದೆಂದರು. ಮತ್ತೊಬ್ಬರು, ನದಿ ಎಲ್ಲರದೂ ಎಂದರು. ಹೆಲೊಯೀಸ ತಲೆಯೆತ್ತಿದರು.

"ವೋಟು ಹಾಕ್ಸೋಣ ಅಂತಿದಾರೆ ಸೆವು ಅದೆಮಾರ್. ಒಂಥರಾ ಚೆನ್ನಾಗಿರುತ್ತೆ ಅಲ್ವಾ? ನಾನೊಬ್ಬಳು ಇಟ್ಟ ಹೆಸರಿಗಿಂತ, ಅಷ್ಟೂ ಜನ ಸೇರಿ ಇರಾಸೀನ ಆರಿಸಿದ್ರೆ ಅದರ ತೂಕವೇ ಬೇರೆ."

ಅದೆಮಾರ್ ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ. "ಅಮ್ಮಾವ್ರು ಹೇಗೆ ಹೇಳಿದ್ರೆ ಹಾಗೆ."

"ಬೇಡ ಅನ್ನಯ್ಯ" ಎಂದೆ ನಾನು, ಆಕೆ ಒಳಗೆ ನೀರು ತರಲು ಹೋದಾಗ.

"ಹೆಂಗನ್ಲಿ? ಫೋಟೊ ಅವರ್ದು. ಅಲ್ದೆ ಅಳು ಬರಿಸಿದ್ರಲ್ಲ ಎಲ್ರಿಗೂ. ಅತ್ತೋರು ವೋಟು ಹಾಕ್ದೆ ಇರ್ತಾರಾ?"

ಮೂರು ಹೆಸರು ನಿಂತವು: ಇರಾಸಿ, ಅವ್ರೊರಾ, ಪಸೋಕಾ. ಪಸೋಕಾ ಎಂದರೆ ನನ್ನ ಅಂಗಡಿಯ ಗಾಜಿನ ಜಾಡಿಯಲ್ಲಿರುವ ಕಡಲೆಕಾಯಿ ಮಿಠಾಯಿ. ಜಾಗ್ವಾರಿನ ಮೈಬಣ್ಣ ಹಾಗೇ ಇದೆಯೆಂದು ಯಾರೋ ಸೂಚಿಸಿದ್ದರು. ಈ ದೇಶದಲ್ಲಿ ಕಲ್ಲೆಸೆದರೆ ಪಸೋಕಾ ಎಂಬ ನಾಯಿಗೆ ಬೀಳುತ್ತದೆ. ನನ್ನ ನಾಯಿಯ ಹೆಸರೂ ಅದೇ.

ಹೆಲೊಯೀಸ ಊರಿಗೆ ಹೋದರು. ವೋಟು ವಾರವಿಡೀ ನಡೆಯಿತು. ಅದೆಮಾರ್ ತನ್ನ ವೋಟು ಹಾಕುವ ಮುನ್ನ ಬಹಳ ಹೊತ್ತು ಫೋನು ಹಿಡಿದು ಕೂತಿದ್ದ. "ಸ್ವಂತ ಹೆಂಡ್ತಿಗೆ ವೋಟು ಹಾಕೋದು ಒಂಥರಾ ನಾಚ್ಕೆ" ಅಂದ, ಹಾಕಿದ. ಟುನಿಕೊ ಹಾಕಿದ, ನಾನು ಹಾಕಿದೆ. ದಂಡೆಯ ವೋಟು ಅಲ್ಲಿಗೆ ಮುಗಿಯಿತು. ಗುಂಪಿನಲ್ಲಿ ಸಾವಿರಾರು ಜನ.

ಅವರು ಕೆಟ್ಟವರಲ್ಲ. ಹೆಲೊಯೀಸ ಬರೆದದ್ದನ್ನು ಓದಿದರು, ಕಣ್ಣೀರು ಬಂತೆಂದರು, ನಂತರ ಪಸೋಕಾಗೆ ಒತ್ತಿದರು. ಒಬ್ಬಾಕೆ ಕಾರಣವನ್ನೂ ಕೊಟ್ಟಿದ್ದರು: 'ಎಂಥ ಪ್ರೇಮಕಥೆ, ಎದೆ ಒಡೆಯಿತು. ಆದರೆ ಇರಾಸಿ ಅಂದರೆ ಯಾರದೋ ಚಿಕ್ಕಮ್ಮನ ಹೆಸರಿನ ಹಾಗಿದೆ. ಈ ಮುದ್ದುಮರಿಗೆ ಪಸೋಕಾನೇ ಸರಿ.' ಇರಾಸಿ ಮೂರನೆಯ ಸ್ಥಾನಕ್ಕೆ ಬಂದಳು. ಅವ್ರೊರಾ ಎಂಬ, ಯಾರ ಹೆಂಡತಿಯೂ ಅಲ್ಲದ ಹೆಸರಿಗಿಂತಲೂ ಹಿಂದೆ.

ಹೆಲೊಯೀಸ ಧ್ವನಿಸಂದೇಶ ಕಳಿಸಿದರು. ತಮಗೆ ತುಂಬ ನೋವಾಗಿದೆ, ಆದರೆ ಪ್ರಜಾಪ್ರಭುತ್ವ ಎಂದರೆ ಇದೇ ಅಲ್ಲವೇ, ಇರಾಸಿ ನಮ್ಮೆಲ್ಲರ ಎದೆಯಲ್ಲಿ ಇದ್ದೇ ಇರುತ್ತಾರೆ, ಜಲವರ್ಣದ ಪ್ರತಿ ಕಳಿಸುತ್ತೇನೆ. ಅದೆಮಾರ್ ಪೂರ್ತಿ ಕೇಳಿದ. ಉತ್ತರವಾಗಿ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ.

"ಎದೇಲಿ ಇಟ್ಕೊಂಡ್ರಂತೆ" ಅಂದ. "ಅಲ್ಲೂ ಗುರುತು ಹಾಕಿರಲ್ಲ ನೋಡಿ."

ಕೆಲವು ದಿನ ಅವನು ರೇಡಿಯೊದಲ್ಲಿ ಪಸೋಕಾ ಎಂಬ ಹೆಸರು ಹೇಳಲಿಲ್ಲ. 'ಮೇಲುಹೊಳೆ ಹೆಣ್ಣು' ಎನ್ನುತ್ತಿದ್ದ. ಆ ಹೊಳೆಯಲ್ಲಿ ಹೆಣ್ಣು ಇನ್ನೂ ಇದ್ದವು. ಒಂದು ಬೆಳಗ್ಗೆ ಉಳಿದ ದೋಣಿಗಳು ತಪ್ಪು ತಿರುವಿಗೆ ಹೋದವು, ಗಿರಾಕಿಗಳು ಗೊಣಗಿದರು. ವಸತಿಗೃಹದ ಮ್ಯಾನೇಜರ್ ನನ್ನ ಜಗಲಿಗೇ ಬಂದು ನಿಂತ.

"ದಾಖಲಾಗಿರೋ ಹೆಸರೇ ಹೇಳ್ಬೇಕು ಸೆವು ಅದೆಮಾರ್. ಜನ ಅದನ್ನೇ ನೋಡೋಕೆ ಬರ್ತಿರೋದು. ಅಂಗಿ ಮೇಲೂ ಅಚ್ಚು ಹಾಕಿಸ್ತಿದೀವಿ."

"ಆಯ್ತು" ಅಂದ ಅದೆಮಾರ್.

"ಬೇಜಾರಿಲ್ಲ ತಾನೆ?"

"ಅವಳಿಗೆ ಜಾಗ್ವಾರ್ ಕಂಡ್ರೆ ಆಗ್ತಿರ್ಲಿಲ್ಲ. ಕೋಳಿ ತಿನ್ನುತ್ವೆ ಅಂತ."

ಅದು ಅವನಿಗೂ ನೆನಪಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ. ಮ್ಯಾನೇಜರ್ ನಕ್ಕು ಹೊರಟುಹೋದ. ಟುನಿಕೊ ತಮಾಷೆ ಮಾಡಲು ಬಾಯಿ ತೆರೆದವನು ಕೊಂಬಿನ ನಳಿಕೆಯನ್ನೇ ಬಾಯಿಗಿಟ್ಟುಕೊಂಡ.

ಅಂಗಡಿಯಲ್ಲಿ ನಾನೊಂದು ರೇಡಿಯೊ ಇಟ್ಟುಕೊಂಡಿದ್ದೇನೆ, ದೋಣಿಗಳು ಯಾವಾಗ ಹಿಂದಿರುಗುತ್ತವೆ ಎಂದು ತಿಳಿದರೆ ಅನ್ನಕ್ಕಿಡಲು ಅನುಕೂಲ. ಬೆಳಗಿನಿಂದ ಅದು ಗರಗರ ಎನ್ನುತ್ತಲೇ ಇರುತ್ತದೆ. ಪಸೋಕಾ ಎಡದಂಡೇಲಿದಾಳೆ. ಪಸೋಕಾ ಮಲಗಿದಾಳೆ. ಪಸೋಕಾ ಎದ್ಲು. ಅದೆಮಾರನ ದನಿ ಸ್ಪಷ್ಟವಾಗಿರುತ್ತದೆ, ಆ ಹೆಸರಿನ ಮುಂಚೆ ಮಾತ್ರ ಒಂದು ಉಸಿರಿನಷ್ಟು ತಡ.

ಪ್ರತಿ ಸಲವೂ ಬೆಂಚಿನ ಕೆಳಗಿಂದ ನನ್ನ ನಾಯಿ ಎದ್ದು, ಬಾಲ ಅಲ್ಲಾಡಿಸುತ್ತ ದೋಣಿಕಟ್ಟೆಯ ತುದಿಯವರೆಗೆ ಓಡುತ್ತದೆ. ಖಾಲಿ ನದಿಯನ್ನು ಸ್ವಲ್ಪ ಹೊತ್ತು ನೋಡುತ್ತದೆ. ಕರೆದವರು ಯಾರೂ ಕಾಣದೆ ವಾಪಸು ಬಂದು ಮಲಗುತ್ತದೆ.