ಬುರುಗು ಬಂದ ಬರಣಿ

ಬ್ಯಾಡಗಿಯ ಸೊಸೆ ಯಾರ ಮನೆಗೆ ಹೋದರೂ ಜನ ಮೊದಲು ನೋಡುವುದು ಅವಳ ಕೈಚೀಲವನ್ನು. ಮೆಣಸಿನಕಾಯಿ ಒಯ್ದರೆ "ಮತ್ತ ಮೆಣಸಿನಕಾಯೇನ!" ಎನ್ನುತ್ತಾರೆ. ಒಯ್ಯದಿದ್ದರೆ "ಬ್ಯಾಡಗಿಯಿಂದ ಬಂದು ನಾಕು ಮೆಣಸಿನಕಾಯಿ ತರಲಿಲ್ಲ ನೋಡ್ರಿ" ಎನ್ನುತ್ತಾರೆ. ಇಂಥವರ ನಡುವೆ ನಾನು, ಪುಷ್ಪಾವತಿ, ಇಷ್ಟು ವರ್ಷ ತಲೆ ನೆಟ್ಟಗಿಟ್ಟುಕೊಂಡು ಬದುಕಿದ್ದೇ ದೊಡ್ಡದು.

ನನ್ನ ತಮ್ಮ ಸುನೀಲಕುಮಾರನಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ, ಐರಣಿಯಲ್ಲಿ ಹೊಳೆದಂಡೆಗೆ ಹೊಲ. ಪ್ರತಿವರ್ಷ ಜೋಳದ ತೆನೆ ಹಾಲುಗಾಳು ಕಟ್ಟಿದಾಗ ಬಳಗವನ್ನೆಲ್ಲ ಹೊಲಕ್ಕೆ ಕರೆಯುತ್ತಾನೆ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಕಾಳನ್ನು ಶೇಂಗಾ ಚಟ್ನಿ, ಬೆಲ್ಲ, ಮೊಸರಿನ ಜೊತೆ ತಿನ್ನುವುದು. ಸೀತನಿ ಎಂದರೆ ನಮ್ಮ ಕಡೆ ಮುನಿಸಿಕೊಂಡವರೂ ಬಂದು ಕೂರುತ್ತಾರೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ತಮ್ಮನ ಹೆಂಡತಿ ಶೈಲಾ ಅದಕ್ಕೆ ಗಿಫ್ಟ್ ಕೊಡುವ ಪದ್ಧತಿಯನ್ನೂ ಅಂಟಿಸಿದಳು. ಅವಳ ಗಿಫ್ಟೋ, ಬುಟ್ಟಿಯೇನು, ರಿಬ್ಬನ್ನೇನು, ಪರಪರ ಎನ್ನುವ ಹೊಳೆಯುವ ಹಾಳೆಯೇನು! ನಾನು ಮಾತ್ರ ವರ್ಷವೂ ಮೆಣಸಿನಕಾಯಿಯ ಚೀಲ ಹಿಡಿದು ನಿಲ್ಲುತ್ತಿದ್ದೆ.

ಈ ಸಲ ಸಂಕ್ರಾಂತಿಗೆ ಮೊದಲೇ ಬಳಗದ ವಾಟ್ಸಾಪ್ ಗುಂಪಿನಲ್ಲಿ ಶೈಲಾಳ ಆಜ್ಞೆ ಬಂತು. "ಈ ವರ್ಷ ಎಲ್ಲಾರೂ ಸ್ವಂತ ಕೈಲೆ ಮಾಡಿದ್ದನ್ನೇ ತರಬೇಕು. ಅಂಗಡಿ ಮಾಲು ನಡಿಯಂಗಿಲ್ಲ. ಪುಷ್ಪಾ ಅಕ್ಕಾರ, ನೀವು ಮೆಣಸಿನಕಾಯಿ ಬಿಟ್ಟು ಏನರ ತರ್ರಿ!" ಅದರ ಕೆಳಗೆ ನಗುವ ಮುಖಗಳ ಸಾಲು. ಬಳಗದವರೆಲ್ಲ ತಮ್ಮದೊಂದೊಂದು ನಗು ಸೇರಿಸಿದರು. ನನ್ನ ಸ್ವಂತ ಗಂಡ ಸುಭಾಷ, ಎದುರಿಗೇ ಕೂತು ನಾನು ಮಾಡಿದ ಅವಲಕ್ಕಿ ತಿನ್ನುತ್ತಲೇ, ಹೆಬ್ಬೆರಳು ಎತ್ತಿ ಹಾಕಿದ. ಆ ತಟ್ಟೆಯನ್ನು ಹಾಗೇ ಕಸಿದುಕೊಂಡೆ.

ಸಿಟ್ಟಿನಲ್ಲಿ ಮನುಷ್ಯ ಏನು ಬೇಕಾದರೂ ಬರೆಯುತ್ತಾನೆ. ನಾನು ಬರೆದೆ: "ನಾ ವೈನ್ ತರ್ತೇನಿ. ಮನ್ಯಾಗ ಮಾಡಿದ್ದು."

ಗುಂಪು ಗಪ್ಪಾಯಿತು. ಆ ಗಪ್ಪಿನ ಸುಖವನ್ನು ಏನು ಹೇಳಲಿ! ಆಮೇಲೆ ಶೈಲಾ ನಿಧಾನಕ್ಕೆ ಬರೆದಳು: "ಖರೇನ ಅಕ್ಕಾರ? ನೋಡೂಣು." ಆ "ನೋಡೂಣು" ನನ್ನ ಎದೆಯಲ್ಲಿ ಮುಳ್ಳಾಗಿ ನೆಟ್ಟಿತು. ಈ ಒಂದು ಸಲವಾದರೂ ಅವಳ ಎದುರು ನನ್ನ ಮಾನ ಉಳಿಯಬೇಕಿತ್ತು.

ವೈನ್ ಮಾಡುವುದು ನನಗೆ ಬರುತ್ತಿತ್ತೇ? ಎಲ್ಲಿಯದು! ಹಾವೇರಿಯಲ್ಲಿ ಹೆಣ್ಣುಮಕ್ಕಳಿಗೆ ಕೇಕ್, ಬಿಸ್ಕೀಟು ಕಲಿಸುವ ಮೇಘಾ ಎಂಬ ಹುಡುಗಿಯ ಕ್ಲಾಸಿಗೆ ಆಗತಾನೇ ಸೇರಿದ್ದೆ. ಅವಳನ್ನು ಮೂಲೆಗೆ ಕರೆದು ಕೇಳಿದೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, "ಕರಿ ದ್ರಾಕ್ಷಿ ಹಿಚುಕ್ರಿ ಆಂಟಿ, ಸಕ್ರಿ ಹಾಕ್ರಿ, ಒಂದು ಹಿಡಿ ಗೋಧಿ, ಸ್ವಲ್ಪ ಈಸ್ಟ್. ಬರಣ್ಯಾಗ ತುಂಬಿ ಅರಿವಿ ಕಟ್ಟಿ ಇಟ್ಟು ಮರೀರಿ" ಎಂದಳು. ಈಸ್ಟನ್ನು ನಮ್ಮ ಓಣಿಯ ಬೇಕರಿಯ ಮುನಾಫನ ಹತ್ತಿರ ಬನ್ ಮಾಡುತ್ತೇನೆಂದು ಸುಳ್ಳು ಹೇಳಿ ತಂದೆ. ನಾವು ಹಿಟ್ಟು, ಸಕ್ಕರೆ, ತುಪ್ಪ ಒಯ್ದು ಅವನ ಭಟ್ಟಿಯಲ್ಲೇ ಬಿಸ್ಕೀಟು ಸುಡಿಸಿಕೊಂಡು ಬರುವುದು, ಹಾಗಾಗಿ ಸಲಿಗೆ ಇತ್ತು. ಆಮೇಲೆ ಅವನು ಕಂಡಾಗಲೆಲ್ಲ, "ಅಕ್ಕಾ, ಬನ್ ಉಬ್ಬಿದ್ವೇನ್ರಿ?" ಎಂದು ಕೇಳುತ್ತಿದ್ದ. "ಉಬ್ಬಾಕತ್ತಾವಪಾ, ಇನ್ನೂ ಉಬ್ಬಾಕತ್ತಾವ" ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಇನ್ನು ನನ್ನ ಅತ್ತೆ ಹೊಳಿಯವ್ವ. ಎಂಬತ್ತು ದಾಟಿದೆ, ಕಿವಿ ಮಂದ, ಮೂಗು ಮಾತ್ರ ಪೊಲೀಸರದು. ನಾನು ಒಗ್ಗರಣೆಗೆ ಸಾಸಿವೆ ಹಾಕಿದರೆ "ಎಣ್ಣಿ ಕಾದಿಲ್ಲ" ಎನ್ನುತ್ತಾಳೆ, ಹಾಕದಿದ್ದರೆ "ಎಣ್ಣಿ ಹೊತ್ತಿತು" ಎನ್ನುತ್ತಾಳೆ. ದಿನಕ್ಕೆ ಒಮ್ಮೆಯಾದರೂ ನಾವಿಬ್ಬರೂ ಜಗಳವಾಡದಿದ್ದರೆ ಸುಭಾಷ ಬಂದು "ಆರಾಮ ಅದೀರಿಲ್ಲ ಇಬ್ಬರೂ?" ಎಂದು ವಿಚಾರಿಸುತ್ತಾನೆ. ಒಂದು ವಾರ ಇವಳು ಯಾರ ಮನೆಗಾದರೂ ಹೋಗಲಿ ದೇವರೇ ಎಂದು ನಾನು ಎಷ್ಟು ಸಲ ಬೇಡಿಕೊಂಡಿದ್ದೇನೋ. ಇಂಥವಳಿಗೆ ಮನೆಯಲ್ಲಿ ವೈನ್ ಕೊಳೆಯುತ್ತಿದೆ ಎಂದು ಗೊತ್ತಾದರೆ ಓಣಿಗೆಲ್ಲ ಡಂಗುರ. ಅದಕ್ಕೇ ಬರಣಿಯನ್ನು ಉಪ್ಪಿನಕಾಯಿಯ ಬರಣಿಗಳ ಸಾಲಿನಲ್ಲೇ ಇಟ್ಟೆ.

ಅವಳು ಕೇಳಿಯೇ ಕೇಳಿದಳು. "ಅದೇನ ಅದು, ಹೊಸಾ ಬರಣಿ?"

"ದ್ರಾಕ್ಷಿ ಉಪ್ಪಿನಕಾಯಿ ಅತ್ತಿ."

"ದ್ರಾಕ್ಷಿ ಉಪ್ಪಿನಕಾಯಿ ಯಾರ ಹಾಕ್ತಾರ?"

"ಹಾವೇರಿ ಕ್ಲಾಸಿನ್ಯಾಗ ಹೇಳಿಕೊಟ್ಟಾರ."

"ರೊಕ್ಕ ಕೊಟ್ಟು ಕಲೀತಿ ಬ್ಯಾರೆ" ಎಂದು ಮೂಗು ಮುರಿದು ಹೋದಳು. ಗೆದ್ದೆ ಎಂದುಕೊಂಡೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ ಮೊದಮೊದಲು ಹೊತ್ತಿಗೊಮ್ಮೆ ಹೋಗಿ ಬರಣಿಗೆ ಕಿವಿಯಿಟ್ಟು ಬರುತ್ತಿದ್ದೆ. ಒಳಗೆ ಚುಸು ಚುಸು ಸದ್ದು. ನನಗೋ ಆನಂದ! ಗುಂಪಿನಲ್ಲಿ ದಿನವೂ ವರದಿ ಹಾಕಿದೆ: "ವೈನ್ ಮಾತಾಡಾಕತ್ತೇತಿ." "ಬಣ್ಣ ಕುಂಕುಮ ಆಗೇತಿ." ಶೈಲಾ ಏನೂ ಬರೆಯಲಿಲ್ಲ. ಅದಕ್ಕಿಂತ ಸವಿ ಬೇರೆ ಯಾವುದಿದೆ? ಆಮೇಲೆ ಮೇಘಾ ಹೇಳಿದ ಹಾಗೆ ಇಟ್ಟು ಮರೆತೆ.

ಸೀತನಿಯ ದಿನ ಬೆಳಗ್ಗೆ ಎದ್ದು, ಮುನಾಫನ ಭಟ್ಟಿಯಲ್ಲಿ ಸುಡಿಸಿದ ಜೋಳದ ಬಿಸ್ಕೀಟಿನ ಡಬ್ಬಿಗೆ ರಿಬ್ಬನ್ ಕಟ್ಟಿದೆ. ತೊಳೆದು ಒಣಗಿಸಿದ ಬಾಟಲಿಗಳನ್ನು ಸಾಲಾಗಿ ಇಟ್ಟು, ಸೋಸುವ ಅರಿವೆ ಹಿಡಿದು, ಬರಣಿಯ ಬಾಯಿ ಬಿಚ್ಚಿದೆ.

ಇಂಗಿನ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು.

ಒಳಗೆ ನೋಡಿದರೆ ಮೇಲೆ ಒಂದು ಬೆರಳು ಎಣ್ಣೆ. ಎಣ್ಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿ, ಮೆಂತ್ಯದ ಪುಡಿ. ಅದರ ಕೆಳಗೆ ದಟ್ಟ ಕೆಂಪು. ದ್ರಾಕ್ಷಿಯ ಕೆಂಪಲ್ಲ, ಆ ಕೆಂಪನ್ನು ನಾನು ಕಣ್ಣು ಮುಚ್ಚಿಕೊಂಡೂ ಗುರುತಿಸುತ್ತೇನೆ. ಸುಭಾಷನ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಆರಿಸಿ ತಂದ ಕಡ್ಡಿ ಮೆಣಸಿನಕಾಯಿಯ ಖಾರಪುಡಿ.

"ಅತ್ತೀ!" ಎಂದು ಕೂಗಿದ್ದು ಅವಳ ಮಂದ ಕಿವಿಗೂ ಮುಟ್ಟಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡೇ ಇರಲಿಲ್ಲ.

"ನೋಡಿದೇನ? ನೀ ಹಾವೇರಿಗೆ ಹೋದಾಗ ಬರಣಿ ಬುಸುಬುಸು ಬುರುಗು ಕಾರಿ ಹೊರಗ ಹರೀತಿತ್ತು. ಎದಿ ಧಸಕ್ಕಂದ್ತು ನೋಡು. ಉಪ್ಪಿನಕಾಯಿ ಕೆಟ್ರ ಮನಿಗೆ ಒಳ್ಳೇದಲ್ಲ. ಯಾರಿಗೂ ಹೇಳಲಿಲ್ಲ, ಸುಭಾಷಗೂ ಹೇಳಲಿಲ್ಲ. ನೀ ಹಾಕಿದ ಉಪ್ಪಿನಕಾಯಿ ಕೆಟ್ಟಿತು ಅಂತ ಮಂದಿ ಯಾಕ ಅನ್ಬೇಕು? ಉಪ್ಪು, ಖಾರ, ಮೆಂತ್ಯ, ಇಂಗು ಹಾಕಿ ಎಣ್ಣಿ ಕಾಸಿ ಹೊಯ್ದೆ. ಉಳೀತು!"

ಏನು ಹೇಳಲಿ? ಅದು ವೈನ್ ಎನ್ನಲೇ? ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ಉಗುಳಲಾರೆ, ನುಂಗಲಾರೆ. ಅಡುಗೆಮನೆಗೆ ಹೋಗಿ ಖಾಲಿ ಬಾಟಲಿಗಳನ್ನು ಒಂದೊಂದಾಗಿ ಕಪಾಟಿಗೆ ಇಟ್ಟೆ. ಕಣ್ಣಲ್ಲಿ ನೀರು ಬಂತು. ಇಂಗಿನ ಘಾಟು ಎಂದುಕೊಂಡೆ. ಘಾಟಲ್ಲ, ಅಳುವೇ.

ಅವಳೂ ಸೀತನಿಗೆ ಹೊರಟಳು. ಕಾರಿನ ಹಿಂದಿನ ಸೀಟಿನಲ್ಲಿ ಬರಣಿಯನ್ನು ತೊಡೆಯ ಮೇಲೆ ಇಟ್ಟು, ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಳು. ರಾಣೆಬೆನ್ನೂರು ದಾಟುವಾಗ ನಾನು ಸುಭಾಷನ ಕಿವಿಯಲ್ಲಿ, "ಲಗೂ ಇಳದು ಒಂದು ಬಾಟ್ಲಿ ತಗೊಂಡು ಬರ್ರಿ, ಚೀಟಿ ಕಿತ್ತು ನಮ್ಮದಂತ ಕೊಡ್ತೇನಿ" ಎಂದೆ. ಅವನು ವೈನ್ ಅಂಗಡಿಯತ್ತ ನೋಡಿದ, ಗಾಡಿ ನಿಲ್ಲಿಸದೇ ಹೋದ. "ನಮ್ಮ ದಲಾಲರು ನಾಕು ಮಂದಿ ಅಲ್ಲೇ ನಿಂತಾರ. ನಾ ಒಲ್ಲೆ."

"ಅವರು ಅಲ್ಲಿ ಭಜನಿಗೆ ನಿಂತಾರೇನ?" ಎಂದು ಹಲ್ಲು ಕಡಿದೆ. ಏನೂ ಪ್ರಯೋಜನವಾಗಲಿಲ್ಲ.

ಐರಣಿಯ ಹೊಲದಲ್ಲಿ ಬೇವಿನ ಮರದ ಕೆಳಗೆ ಜಮಖಾನ ಹಾಸಿದ್ದರು. ಒಂದು ಕಡೆ ಕೆಂಡ, ಸುಟ್ಟ ತೆನೆಯ ಘಮ, ಇನ್ನೊಂದು ಕಡೆ ಗಿಫ್ಟುಗಳ ಸಾಲು. ಶೈಲಾ ಮೂರು ಅಂತಸ್ತಿನ ಕೇಕ್ ಸುಟ್ಟು ತಂದಿದ್ದಳು. ಅದರ ನೆತ್ತಿಯ ಮೇಲೆ ಸಕ್ಕರೆಯಲ್ಲಿ ಮಾಡಿದ ಜೋಳದ ತೆನೆ. ಚೆನ್ನಾಗಿಯೇ ಇತ್ತು, ಹಾಳಾಗಲಿ.

"ಬರ್ರಿ ಅಕ್ಕಾರ! ಎಲ್ಲೈತಿ ವೈನ್? ಎಲ್ಲಾರೂ ಕಾಯಾಕತ್ತಾರ" ಎಂದಳು ಶೈಲಾ. ಗಾಜಿನ ಲೋಟಗಳನ್ನೇ ಜೋಡಿಸಿಟ್ಟಿದ್ದಳು. ಬಳಗದವರೆಲ್ಲ ನನ್ನ ಕಡೆ ತಿರುಗಿದರು.

ಒಂದು ಮಾತು ಸಾಕಿತ್ತು. "ಮಾಡಿದ್ದೆ, ನಮ್ಮತ್ತಿ ಕೆಡಿಸಿದ್ಲು" ಎಂದರೆ ನನ್ನ ಮಾನ ಉಳಿಯುತ್ತಿತ್ತು. ಸುಳ್ಳೂ ಅಲ್ಲ. ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಸುಭಾಷ ಅವ್ವನ ಕೈಹಿಡಿದು ಇಳಿಸುತ್ತಿದ್ದ. ಅವಳು ಬರಣಿಯನ್ನು ಅವನಿಗೂ ಕೊಡದೆ, ಕಾಲು ನಡುಗಿಸುತ್ತ ತಾನೇ ಹೊತ್ತು ತಂದು, ಆ ಕೇಕಿನ ಪಕ್ಕದಲ್ಲಿ ಇಟ್ಟು, ಎಲ್ಲರ ಮುಖ ನೋಡಿ ನಕ್ಕಳು. ಯಾರಿಗೂ ಹೇಳಲಿಲ್ಲ ಎಂದಿದ್ದಳಲ್ಲ, ಅಲ್ಲಿಯೂ ಹೇಳಲಿಲ್ಲ. "ನಮ್ಮ ಪುಷ್ಪಾ ಹಾಕ್ಯಾಳ. ದ್ರಾಕ್ಷಿದು. ಹಾವೇರ್ಯಾಗ ಕಲಿತಾಳ" ಎಂದಳು.

ಈ ಮುದುಕಿಗೆ ಯಾಕೆ ಬೇಕಿತ್ತು ಈ ದೊಡ್ಡಸ್ತಿಕೆ!

"ವೈನ್ ಅಂದದ್ದು ಚಾಷ್ಟಿಗೆ" ಎಂದೆ. "ತಂದದ್ದು ಇದು, ಉಪ್ಪಿನಕಾಯಿ. ಕೈಯೂ ನಂದಲ್ಲ. ನಾ ಹಾಕಿದ್ದು ಕೆಟ್ಟಿತ್ತು, ನಮ್ಮತ್ತಿ ಉಳಿಸ್ಯಾರ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಶೈಲಾ ಬರಣಿಯೊಳಗೆ ಇಣುಕಿ, "ಅಯ್ಯ! ಇದರಾಗೂ ಮೆಣಸಿನಕಾಯಿ!" ಎಂದಾಗ ನಗು ಹೊಳೆ ದಾಟಿ ಆಚೆ ದಂಡೆಗೆ ಮುಟ್ಟಿರಬೇಕು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮೊದಲು ತಿಂದವನು ಸುನೀಲಕುಮಾರ. ಸೀತನಿಯ ಮೇಲೆ ಒಂದು ಚಮಚ ಹಾಕಿಕೊಂಡು ಬಾಯಿಗಿಟ್ಟ. ಅವನ ಹುಬ್ಬು ಮೇಲೆ ಹೋಯಿತು. ಇನ್ನೊಂದು ಚಮಚ ಹಾಕಿಕೊಂಡ. ಮೂರನೆಯದಕ್ಕೆ ಕಿವಿ ಕೆಂಪಾಗಿ, "ಅಕ್ಕಾ, ಇದು ಸಿಹಿನೂ ಐತಿ, ಹುಳಿನೂ ಐತಿ, ಖಾರನೂ ಐತಿ, ಮತ್ತೇನೋ ಒಂದು ಐತಿ!" ಎಂದ. ಆ ಮತ್ತೇನೋ ಏನೆಂದು ನನಗೆ ಗೊತ್ತಿತ್ತು.

ಆಮೇಲೆ ತಟ್ಟೆಗಳು ಬರಣಿಯ ಸುತ್ತ ಮುತ್ತಿದವು. ರೊಟ್ಟಿಗೆ ಹಚ್ಚಿ ತಿಂದರು, ಬಿಸ್ಕೀಟಿಗೆ ಹಚ್ಚಿ ತಿಂದರು, ಒಬ್ಬ ಮಹಾಶಯ ಕೇಕಿಗೂ ಹಚ್ಚಿಕೊಂಡ. ಹೊಳಿಯವ್ವ ಮೊಸರಿನಲ್ಲಿ ಕಲಸಿಕೊಂಡು ಎರಡು ಬಟ್ಟಲು ಮುಗಿಸಿ, ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕಳು. ಸೆರಗು ಸರಿ ಮಾಡಿಕೊಂಡು, "ನಾ ಒಡಪು ಹೇಳ್ತೇನಿ" ಎಂದಳು. ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವ ಒಡಪು ಹೊಸ ಮದುಮಗಳ ಕೈಯಲ್ಲಿ ಹೇಳಿಸುವುದು. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವಳು ಕಣ್ಣು ಮುಚ್ಚಿ ಹೇಳಿಯೇ ಬಿಟ್ಟಳು:

"ಐರಣಿ ಹೊಳಿ ದಂಡ್ಯಾಗ ಅರಳೇತಿ ಮಲ್ಲಿಗಿ ಹೂವ,
ಅಂಜಿನಪ್ಪ ನಕ್ಕರ ಮರತೇನಿ ಹಲ್ಲಿನ ನೋವ!"

ಬಳಗ ಕೇಕೆ ಹಾಕಿತು. ಸುಭಾಷ ಅಪ್ಪನ ಹೆಸರು ಕೇಳಿ ಕಣ್ಣೊರೆಸಿಕೊಂಡ, ಒರೆಸಿದ ಕೈಯಲ್ಲಿ ಖಾರವಿತ್ತು, "ಅಯ್ಯಯ್ಯೋ" ಎಂದು ನೀರಿಗೆ ಓಡಿದ. ಶೈಲಾ ಬಟ್ಟಲು ನೆಕ್ಕುತ್ತ ಹೊಳಿಯವ್ವನ ಪಕ್ಕಕ್ಕೆ ಬಂದು ಕೂತಳು. ಅವಳ ಮೂರಂತಸ್ತಿನಲ್ಲಿ ಎರಡು ಹಾಗೇ ಉಳಿದಿದ್ದವು. ಅದನ್ನು ನೋಡಿ ನನಗೆ ಸಂತೋಷವಾಯಿತು. ಯಾಕೆ ಸುಳ್ಳು ಹೇಳಲಿ?

"ಅವ್ವಾರ, ಇದನ್ನ ಹೆಂಗ ಮಾಡಿದ್ರಿ ನನಗೂ ಹೇಳಿಕೊಡ್ರಿ" ಎಂದಳು ಶೈಲಾ.

"ಹೇಳಾಕ ಏನೈತಿ? ಮೊದಲ ಪುಷ್ಪಾ ಕೆಡಸಬೇಕು. ಆಮ್ಯಾಲೆ ನಾ ಬೇಕು."

"ಹಂಗಾರ ನಮ್ಮ ಮನಿಗೆ ಬರ್ರಿ. ಒಂದು ವಾರ ಇರ್ರಿ. ಅಕ್ಕಾರಿಗೂ ಅರಾಮ ಆಗತೈತಿ."

"ಬರ್ತೇನಿ ತಗೋ" ಎಂದು ಹೊಳಿಯವ್ವ ಒಂದೇ ಮಾತಿಗೆ ಒಪ್ಪಿದಳು. ತನ್ನ ಸೀರೆಯ ಗಂಟು ತರಬೇಕು, ಎಲಡಿಕೆಯ ಚೀಲ ತರಬೇಕು ಎಂದು ಸುಭಾಷನಿಗೆ ಹುಕುಂ ಕೂಡ ಕೊಟ್ಟಳು.

ಒಂದು ವಾರ! ಎಣ್ಣೆ ಕಾಯಿತೋ ಇಲ್ಲವೋ ಎಂದು ಯಾರೂ ಕೇಳದ ಒಂದು ಇಡೀ ವಾರ! ನಾನು ಹೂಂ ಎನ್ನಬೇಕೆಂದೇ ಬಾಯಿ ತೆರೆದೆ. ಎದ್ದು ನಿಂತದ್ದೂ ಅವಳ ಬಟ್ಟೆ ಕಳಿಸುವ ಮಾತಾಡಲಿಕ್ಕೇ. ಆದರೆ ನನ್ನ ಕೈ ಹೋಗಿ ಹೊಳಿಯವ್ವನ ರಟ್ಟೆ ಹಿಡಿದಿತ್ತು.

"ಬರಣಿ ಇಟಗೋ ಶೈಲಾ, ನಿನಗ ಕೊಟ್ಟೇನಿ" ಎಂದೆ. "ಅತ್ತೀನ ಕೊಡಂಗಿಲ್ಲ."

"ಯಾಕವಾ?" ಎಂದಳು ಹೊಳಿಯವ್ವ, ಕಣ್ಣರಳಿಸಿ. "ನಾ ಇಲ್ದಿದ್ರ ನಿನಗ ಸುಖಾ ಅಲ್ಲೇನ?"

"ಸುಮ್ನ ಕಾರು ಹತ್ರಿ" ಎಂದೆ.